ಸೆರಗಿನ ಮೇಲಿನ ತೆನೆ

ಧಾರವಾಡ ಜಿಲ್ಲೆಯ ಪೂರ್ವಭಾಗದ ನೆಲ ಎರೆಮಣ್ಣಿನದು. ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಸುತ್ತ ಕಣ್ಣು ಹರಿಯುವಷ್ಟು ದೂರ ಬಯಲು. ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಬಿಡದ, ಬೇಸಗೆ ಬಂದರೆ ಬಾಯ್ದೆರೆದು ಬಿರಿಯುವ ಕರಿಯ ಮಣ್ಣು. ಈ ಸೀಮೆಯ ರೈತರು ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನ ಗಿಡ, ಹತ್ತಿ ಈ ಮೂರನ್ನೂ ಕೂಡಿಸಿ ಬೆಳೆಯುವ ಪದ್ಧತಿಯನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಮೊದಲು ಉಳ್ಳಾಗಡ್ಡಿ ಕೈಗೆ ಬರುತ್ತದೆ. ಆಮೇಲೆ ಮೆಣಸಿನಕಾಯಿ ಕೆಂಪಾಗುತ್ತದೆ. ಕೊನೆಗೆ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗುತ್ತದೆ. ಪಕ್ಕದ ಹೊಲದಲ್ಲಿ ಹಿಂಗಾರಿಯ ಬಿಳಿಜೋಳ ತಲೆದೂಗುತ್ತಿರುತ್ತದೆ. ತಾಟಿಗೆ ಬೀಳುವುದೂ ಮೈಮೇಲೆ ಬೀಳುವುದೂ ಇಲ್ಲಿ ಒಂದೇ ಮಣ್ಣಿನ ಮಕ್ಕಳು.

ಉಣ್ಣುವ ಅನ್ನಕ್ಕೂ ಉಡುವ ಅರಿವೆಗೂ ಇರುವ ಈ ಒಡಹುಟ್ಟಿನ ಸಂಬಂಧ ಹೊಲದಲ್ಲಿಯೇ ಮುಗಿಯುವುದಿಲ್ಲ. ಮಗ್ಗದ ಮೇಲೆ ಹಾಸನ್ನು ಬಿಗಿಯುವುದಕ್ಕೆ ಮೊದಲು ನೂಲಿಗೆ ಗಂಜಿ ಉಣಿಸಬೇಕು. ಅಕ್ಕಿಯದೋ ಜೋಳದ ಹಿಟ್ಟಿನದೋ ಗಂಜಿಯಿಲ್ಲದೆ ಹೋದರೆ ಹತ್ತಿಯ ಎಳೆ ತಿಕ್ಕಾಟಕ್ಕೆ ತಾಳದೆ ಹರಿಯುತ್ತದೆ. ಅತ್ತ ಅಡಿಗೆಮನೆಯಲ್ಲಿ, ರೊಟ್ಟಿ ಬಡಿದು ಹಂಚಿಗೆ ಹಾಕಿದವಳು ಒದ್ದೆ ಅರಿವೆಯ ತುಂಡಿನಿಂದ ಅದರ ಮೇಲ್ಮೈಯನ್ನು ಸವರುತ್ತಾಳೆ. ನೀರಿನ ಆ ಪದರವಿಲ್ಲದಿದ್ದರೆ ರೊಟ್ಟಿ ಬಿರುಕು ಬಿಟ್ಟು ಉಬ್ಬದೆ ಉಳಿಯುತ್ತದೆ. ಬಟ್ಟೆ ಅನ್ನವನ್ನು ಬೇಡುತ್ತದೆ, ಅನ್ನ ಬಟ್ಟೆಯನ್ನು ಬೇಡುತ್ತದೆ. ಬುತ್ತಿ ಹೊಲಕ್ಕೆ ಹೋಗುವುದೂ ಬಟ್ಟೆಯ ಗಂಟಿನಲ್ಲಿಯೇ ಅಲ್ಲವೆ?

ನೆಯ್ಗೆಯ ಮಾತುಗಳನ್ನು ಕವಿಗಳು ಮೊದಲಿನಿಂದಲೂ ಎರವಲು ಪಡೆದಿದ್ದಾರೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಲಾಗಿ ಓಡುವ ಎಳೆ ಹೊಕ್ಕು. ಎರಡೂ ಸೇರಿ ‘ಹಾಸುಹೊಕ್ಕು’ ಎಂಬ ಮಾತು ಬಂದಿತು. ಕವಿ ಕಾವ್ಯವನ್ನು ಹೆಣೆಯುತ್ತಾನೆ ಎನ್ನುತ್ತೇವೆ. ಸಂಸ್ಕೃತದ ‘ಸೂತ್ರ’ ಎಂದರೆ ದಾರವೂ ಹೌದು, ಚಿಕ್ಕ ವಾಕ್ಯವೂ ಹೌದು. ತಮಿಳಿನಲ್ಲಿ ‘ನೂಲ್’ ಎಂದರೆ ಎಳೆ, ಗ್ರಂಥ ಎಂಬ ಎರಡು ಅರ್ಥಗಳಿವೆ. ಇಂಗ್ಲಿಷಿನ ‘ಟೆಕ್ಸ್ಟ್’ ಎಂಬ ಶಬ್ದದ ಬೇರು ನೆಯ್ಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಕನ್ನಡದ ವಚನಕಾರರಲ್ಲಿ ಜೇಡರ ದಾಸಿಮಯ್ಯ ನೇಕಾರ. ಕದಿರ ರೆಮ್ಮವ್ವೆ ರಾಟೆಯ ಮುಂದೆ ಕುಳಿತು ನೂಲು ತೆಗೆದವಳು. ಕೊಟ್ಟಣದ ಸೋಮಮ್ಮ ಧಾನ್ಯ ಕುಟ್ಟಿ ಬದುಕಿದವಳು. ನೂಲಿನ ಕಾಯಕದವಳೂ ಕಾಳಿನ ಕಾಯಕದವಳೂ ಒಂದೇ ಸಾಲಿನಲ್ಲಿ ಕುಳಿತು ಮಾತನ್ನು ವಚನವಾಗಿಸಿದ ನಾಡು ಇದು. ಬಟ್ಟೆಯನ್ನು ನೋಡಿ ಊಟದ ಮೇಲೆ ಕವಿತೆ ಕಟ್ಟುವುದೆಂದರೆ ಹೊಸಬರಿಗೆ ವಿಚಿತ್ರವೆನಿಸಬಹುದು. ಆದರೆ ಈ ಪರಂಪರೆಯನ್ನು ಬಲ್ಲವರಿಗೆ ಅದು ಸಹಜವಾದ ಹಾದಿ.

ಆ ಹಾದಿಯನ್ನು ಇಳಕಲ್ ಸೀರೆಯಿಂದ ಹಿಡಿಯಬಹುದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೆಯ್ದ ಈ ಸೀರೆಯನ್ನು ಧಾರವಾಡದ ಹಳ್ಳಿಗಳ ಹೆಂಗಸರು ತಲೆಮಾರುಗಳಿಂದ ಉಟ್ಟು ಬಂದಿದ್ದಾರೆ. ಇದರ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆಯದು. ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಆದಕಾರಣ ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಸು ಸಿದ್ಧಪಡಿಸಬೇಕಾಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯ ಸಾಲುಗಳು ಮೂಡುತ್ತವೆ. ಆ ಸಾಲುಗಳ ಆಕೃತಿಗಳಿಗೆ ನೇಕಾರರು ಇಟ್ಟ ಹೆಸರುಗಳನ್ನು ಗಮನಿಸಬೇಕು: ಒಂದು ಹಣಿಗೆ, ಒಂದು ಕೋಟೆಯ ತೆನೆ, ಇನ್ನೊಂದು ಜೋಳದ ತೆನೆ. ಹಳ್ಳಿಯ ಬಾಯಲ್ಲಿ ಆ ಸೆರಗು ‘ತೋಪತೆನಿ ಸೆರಗು’.

ತಲೆ ಬಾಚುವ ಹಣಿಗೆ, ಊರು ಕಾಯುವ ಕೋಟೆ, ಹಸಿವು ನೀಗುವ ಜೋಳ! ಈ ಮೂರನ್ನು ಒಂದೇ ಸೆರಗಿನಲ್ಲಿ ಕಂಡವರು ಯಾರೋ ತಿಳಿಯದು. ಆದರೆ ಅವರು ಕವಿಗಳಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಬಾರದು. ಬಿಳಿಯ ಎಳೆಗಳ ಚೂಪಾದ ಸಾಲನ್ನು ನೋಡಿ ಇದು ತೆನೆ ಎಂದವರ ಕಣ್ಣಿನ ಹಿಂದೆ ಒಂದು ಹೊಲವಿತ್ತು. ಹೊಲದ ಹಿಂದೆ ಒಂದು ರುಚಿಯೂ ಇತ್ತು.

ಆ ರುಚಿ ಯಾವುದು? ಪುಷ್ಯ ಮಾಸದ ಹೊತ್ತಿಗೆ ಹಿಂಗಾರಿ ಜೋಳದ ತೆನೆ ಹಾಲುಗಟ್ಟಿ ನಿಂತಿರುತ್ತದೆ. ಕಾಳು ಇನ್ನೂ ಬಲಿತಿರುವುದಿಲ್ಲ. ಉಗುರಿನಿಂದ ಒತ್ತಿದರೆ ಬಿಳಿಯ ಹಾಲು ಚಿಮ್ಮುತ್ತದೆ. ಆಗ ಹೊಲದಲ್ಲಿಯೇ ಕುಳ್ಳಿನ ಕೆಂಡ ಮಾಡಿ ತೆನೆಗಳನ್ನು ಅದರಲ್ಲಿ ಹೂಳಿ ಸುಡುತ್ತಾರೆ. ಸಿಪ್ಪೆ ಕಪ್ಪಾಗಿ, ಕಾಳು ಚಟಪಟನೆ ಸದ್ದು ಮಾಡತೊಡಗಿದಾಗ ಹೊರತೆಗೆದು, ಬಿಸಿ ಆರುವ ಮೊದಲೇ ಎರಡು ಅಂಗೈಗಳ ನಡುವೆ ತಿಕ್ಕುತ್ತಾರೆ. ಅಂಗೈ ಸುಡುತ್ತದೆ, ಆದರೂ ಬಿಡುವವರಿಲ್ಲ. ಹೊಟ್ಟನ್ನು ಊದಿದರೆ ಹಸಿರು ಹಳದಿ ಬೆರೆತ ಮೆತ್ತನೆಯ ಕಾಳು ಕೈಯಲ್ಲಿ ಉಳಿಯುತ್ತದೆ. ಅದಕ್ಕೆ ಸೀತನಿ ಎಂದು ಹೆಸರು. ಸೀ ಎಂದರೆ ಸಿಹಿ, ತನಿ ಎಂದರೆ ತೆನೆ ಎಂದು ಆ ಶಬ್ದವನ್ನು ಬಿಡಿಸಿಕೊಳ್ಳಬಹುದು. ಶೇಂಗಾ ಹಿಂಡಿಯನ್ನೋ ಬೆಲ್ಲದ ಚೂರನ್ನೋ ಗಟ್ಟಿ ಮೊಸರನ್ನೋ ಸೇರಿಸಿ ತಿಂದರೆ ಹೊಗೆಯ ವಾಸನೆ, ಎಳೆಯ ಜೋಳದ ಸಿಹಿ, ಹಲ್ಲಿಗೆ ಸಿಕ್ಕುವ ಜಿಗುಟು ಎಲ್ಲವೂ ಒಟ್ಟಿಗೆ ಬರುತ್ತವೆ. ತಿಂದವರ ತುಟಿಯಂಚಿಗೆ ಮಸಿ ಅಂಟಿರುತ್ತದೆ. ಹತ್ತು ಹದಿನೈದು ದಿನ ಕಳೆದರೆ ಕಾಳು ಬಲಿತು ಆ ಸಿಹಿ ಮಾಯವಾಗುತ್ತದೆ. ಮತ್ತೆ ಅದನ್ನು ಕಾಣಬೇಕಾದರೆ ಒಂದು ವರ್ಷ ಕಾಯಬೇಕು.

ಈಗ ಸೆರಗನ್ನು ಮತ್ತೊಮ್ಮೆ ನೋಡಿದರೆ, ಅಲ್ಲಿ ಬರಿಯ ಬಿಳಿ ಗೆರೆಗಳು ಕಾಣುವುದಿಲ್ಲ. ಸೆರಗಿನ ಕೆಂಪು ಕೆಂಡವಾಗುತ್ತದೆ, ಬಿಳಿ ತೆನೆ ಅದರಲ್ಲಿ ಹುದುಗಿರುತ್ತದೆ. ಬಟ್ಟೆಯಿಂದ ಹೊರಟ ಕಣ್ಣು ನಾಲಗೆಯನ್ನು ತಲುಪಿದ ಕ್ಷಣ ಇದು. ಕವಿತೆ ಹುಟ್ಟುವುದು ಇಂಥ ಕ್ಷಣದಲ್ಲಿ.

ಬರೆಯಲು ತೊಡಗಿದವರು ಸಾಮಾನ್ಯವಾಗಿ ಇಲ್ಲಿಯೇ ಎಡವುತ್ತಾರೆ. ‘ಸೀತನಿಯು ಬಹಳ ರುಚಿಕರ, ಅಮೃತಕ್ಕೆ ಸಮಾನ’ ಎಂದು ಬರೆದುಬಿಡುತ್ತಾರೆ. ಅಮೃತವನ್ನು ಕುಡಿದವರು ಯಾರೂ ಇಲ್ಲದಿರುವುದರಿಂದ ಆ ಹೋಲಿಕೆಯಿಂದ ಓದುವವನಿಗೆ ಏನೂ ತಿಳಿಯುವುದಿಲ್ಲ. ‘ರುಚಿಕರ’ ಎಂಬ ಶಬ್ದ ರೊಟ್ಟಿಗೂ ಸರಿ, ಹೋಳಿಗೆಗೂ ಸರಿ, ಹುಗ್ಗಿಗೂ ಸರಿ. ಎಲ್ಲಕ್ಕೂ ಸರಿಹೋಗುವ ಮಾತು ಯಾವುದನ್ನೂ ಹೇಳಿದಂತಾಗುವುದಿಲ್ಲ. ಅಂಗೈ ಸುಟ್ಟಿದ್ದು, ಹೊಟ್ಟು ಊದಿದ್ದು, ತುಟಿಗೆ ಮಸಿ ಅಂಟಿದ್ದು ಇವನ್ನು ಹೇಳಿದರೆ, ಸೀತನಿಯನ್ನು ಎಂದೂ ತಿನ್ನದ ಕರಾವಳಿಯ ಹುಡುಗನ ಬಾಯಲ್ಲಿಯೂ ನೀರೂರುತ್ತದೆ.

ಇಂದ್ರಿಯಗಳ ಬಾಗಿಲಿನಿಂದ ನೆನಪನ್ನು ಒಳಗೆ ಕರೆಯುವ ಈ ವಿದ್ಯೆ ಕನ್ನಡದ ಆದಿಕವಿಗೆ ಚೆನ್ನಾಗಿ ತಿಳಿದಿತ್ತು. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅವನ ತಮ್ಮ ಜಿನವಲ್ಲಭನ ಶಾಸನ ತಿಳಿಸುತ್ತದೆ. ಆ ಪಂಪ 941ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ನೆನಪು ಬರುವುದು ಮೈಗೆ ತಾಗಿದ ಗಾಳಿಯಿಂದ, ಕಿವಿಗೆ ಬಿದ್ದ ಹಾಡಿನಿಂದ, ಕಣ್ಣಿಗೆ ಕಂಡ ಅರಳಿದ ಮಲ್ಲಿಗೆಯಿಂದ. ಬನವಾಸಿ ಸುಂದರವಾಗಿದೆ ಎಂದಷ್ಟೇ ಹೇಳಿ ಅವನು ಕೈತೊಳೆದುಕೊಳ್ಳಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡಿಗೆಯ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಅಡಿಗೆಯನ್ನು ಪದ್ಯದಲ್ಲಿ ಹೇಳುವುದು ಕನ್ನಡಕ್ಕೆ ಕೀಳೆನಿಸಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಮಾಡುವ ಬಗೆಯನ್ನು ತಿಳಿಸುವ ಪದ್ಯ ಬೇರೆ, ತಿಂದ ಅನುಭವವನ್ನು ತಿಳಿಸುವ ಪದ್ಯ ಬೇರೆ.

ಇಳಕಲ್ ಸೀರೆಯಿಂದ ಕಸೂತಿಗೆ ಹೋಗುವುದು ಹೆಚ್ಚು ದೂರದ ಪಯಣವಲ್ಲ, ಏಕೆಂದರೆ ಕಸೂತಿ ಹೆಚ್ಚಾಗಿ ಬೆಳೆದದ್ದು ಆ ಸೀರೆಯ ಮೇಲೆಯೇ. ಮದುವೆಯ ಕರಿಯ ಚಂದ್ರಕಾಳಿ ಸೀರೆ, ಕುಬಸ, ಕೂಸಿನ ಕುಲಾವಿ, ಕುಂಚಿಗೆ ಇವುಗಳ ಮೇಲೆ ಧಾರವಾಡ ಸೀಮೆಯ ಹೆಂಗಸರು ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ, ನವಿಲುಗಳನ್ನು ತೆಗೆಯುತ್ತಾರೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿಯನ್ನು ಆಡಿಸಬೇಕು. ಒಂದು ಎಳೆ ಲೆಕ್ಕ ತಪ್ಪಿದರೆ ಆನೆಯ ಸೊಂಡಿಲು ಆನೆಗೆ ಸೇರುವುದಿಲ್ಲ. ಹೊಲಿಗೆಗಳು ನಾಲ್ಕು ಬಗೆ: ಗವಂಟಿ, ಮುರಗಿ, ನೇಯ್ಗಿ, ಮೆಂತಿ. ಗವಂಟಿಯದು ಗೆರೆಯ ಹೊಲಿಗೆ. ಮುರಗಿಯದು ಮೆಟ್ಟಿಲಿನಂತೆ ಮುರಿದು ಮುರಿದು ಹೋಗುವ ನಡಿಗೆ. ನೇಯ್ಗಿ ನೆಯ್ದ ಬಟ್ಟೆಯಂತೆಯೇ ಕಾಣುತ್ತದೆ. ನಾಲ್ಕನೆಯದಾದ ಮೆಂತಿಯಲ್ಲಿ ಎರಡು ಎಳೆಗಳು ಒಂದರ ಮೇಲೊಂದು ಅಡ್ಡ ಬೀಳುತ್ತವೆ, ನೋಡಲು ಮೆಂತೆಯ ಕಾಳಿನಂತೆ.

ಕಸೂತಿಯ ಚಿತ್ರಗಳಲ್ಲಿ ರೊಟ್ಟಿಯಿಲ್ಲ, ಬದನೆಕಾಯಿಯಿಲ್ಲ. ದೇವರ ತೇರಿಗೂ ಅರಸನ ಆನೆಗೂ ಸ್ಥಳ ದೊರೆತ ಸೀರೆಯಲ್ಲಿ ಅಡಿಗೆಮನೆಗೆ ಸ್ಥಳ ದೊರೆಯಲಿಲ್ಲ. ಆದರೆ ಹೊಲಿಯುವವಳು ದಿನದ ಬಹುಪಾಲು ಕಳೆಯುತ್ತಿದ್ದುದು ಅಡಿಗೆಮನೆಯಲ್ಲಿಯೇ. ಅಲ್ಲಿನ ಸಾಸಿವೆ-ಮೆಂತೆಯ ಡಬ್ಬಿ ಹೊಲಿಗೆಯ ಹೆಸರಿನ ಮೂಲಕ, ಯಾರ ಅಪ್ಪಣೆಯನ್ನೂ ಕೇಳದೆ, ಗೋಪುರದೊಳಗೆ ಬಂದು ಕುಳಿತಿತು. ದೊಡ್ಡ ಗೋಪುರದ ಒಡಲನ್ನು ತುಂಬುವುದು ಈ ಮೆಂತಿಯ ಹೊಲಿಗೆಯೇ.

ಮೆಂತೆಯ ಕಾಳು ಎಂಥದು? ಹಳದಿ ಬಣ್ಣ, ಮೂಲೆಗಳಿರುವ ಪುಟ್ಟ ಕಲ್ಲಿನಂಥ ಆಕಾರ, ನಡುವೆ ಒಂದು ಗೀರು. ಹಾಗೆಯೇ ಕಚ್ಚಿದರೆ ಕಹಿ. ಎಣ್ಣೆಯಲ್ಲಿ ಬಿದ್ದರೆ ಚಿಟಕ್ಕೆಂದು ಕೆಂಪಾಗಿ ಘಮಘಮಿಸುತ್ತದೆ. ತುಸು ಹೆಚ್ಚು ಹುರಿದರೆ ಪಲ್ಲೆಯೆಲ್ಲ ಕಹಿ. ರಾತ್ರಿ ನೆನೆಯಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿ, ಬೆರಳಿಗೆ ಲೋಳೆಯಾಗಿ ಜಾರುತ್ತದೆ. ಬಾಣಂತಿಗೆ ಮೆಂತೆ ಹಾಕಿದ ಬೆಲ್ಲದ ಉಂಡೆ ಕೊಡುವ ಮನೆಗಳು ಬಹಳ. ತಾಯಿಯ ಬಾಯಲ್ಲಿ ಮೆಂತೆ, ತೊಟ್ಟಿಲಿನ ಕೂಸಿನ ಕುಂಚಿಗೆಯ ಮೇಲೆ ಮೆಂತಿ! ಇಷ್ಟನ್ನು ಕಂಡುಕೊಂಡ ವಿದ್ಯಾರ್ಥಿನಿ ಒಬ್ಬಳು ಹೀಗೆ ಬರೆಯಬಹುದು:

ಎರಡು ಎಳೆ ಅಡ್ಡ ಬಿದ್ದವು,
ಕರಿ ಅರಿವೆಯ ಮೇಲೆ ಒಂದು ಹಳದಿ ಕಾಳು.
ಬಿಸಿ ಎಣ್ಣೆಗೆ ಬಿದ್ದು ಅದು ಚಿಟಕ್ಕೆಂದಿತು,
ಒಲೆಯ ಹೊಗೆಗೆ ಹೊಸ ವಾಸನೆ ಬಂದಿತು.
ಬೆಲ್ಲದ ಉಂಡೆಯೊಳಗೆ ಅಡಗಿ ಕುಳಿತು
ನುಂಗಿದ ಮೇಲೆ ತಾನಾರೆಂದು ಹೇಳಿತು.

ಇದರಲ್ಲಿ ಪ್ರಾಸವನ್ನು ಬಲವಂತವಾಗಿ ತಂದಿಲ್ಲ, ಬಂದಷ್ಟು ಬಂದಿದೆ. ‘ಕಹಿ’ ಎಂಬ ಶಬ್ದವೂ ಇಲ್ಲ. ಆದರೆ ಕೊನೆಯ ಸಾಲನ್ನು ಓದಿದವರಿಗೆ ಕಹಿ ತಿಳಿಯದೆ ಇರದು. ಕಣ್ಣಿಗೆ ಒಂದು ಸಾಲು, ಕಿವಿಗೆ ಒಂದು, ಮೂಗಿಗೆ ಒಂದು, ಕಟ್ಟಕಡೆಗೆ ನಾಲಗೆ. ರುಚಿಯನ್ನು ಕೊನೆಗೆ ಉಳಿಸಿಕೊಂಡದ್ದು ಒಳ್ಳೆಯ ಉಪಾಯ, ಏಕೆಂದರೆ ಊಟದಲ್ಲಿಯೂ ನಾಲಗೆಯ ಸರದಿ ಕೊನೆಗೇ ಬರುತ್ತದೆ.

ಕಸೂತಿಯಿಂದ ಕಲಿಯಬೇಕಾದ ಮತ್ತೊಂದು ಸಂಗತಿಯಿದೆ. ಗವಂಟಿ, ಮುರಗಿ ಹೊಲಿಗೆಗಳಲ್ಲಿ ಸೂಜಿ ಹೋದ ದಾರಿಯಲ್ಲಿಯೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಹೀಗಾಗಿ ಬಟ್ಟೆಯ ಮೇಲುಬದಿಯೂ ಕೆಳಬದಿಯೂ ಒಂದೇ ತೆರನಾಗಿ ಕಾಣುತ್ತವೆ. ಕವಿತೆಯನ್ನೂ ಹಾಗೆ ಹೊಲಿಯಲು ಸಾಧ್ಯವೆ? ಮೇಲಿನಿಂದ ಕೆಳಕ್ಕೂ, ಕೆಳಗಿನಿಂದ ಮೇಲಕ್ಕೂ ಓದಿಸಿಕೊಳ್ಳುವ ನಾಲ್ಕು ಸಾಲುಗಳನ್ನು ಪ್ರಯತ್ನಿಸಿ ನೋಡಬಹುದು:

ಹಂಚಿನ ಮೇಲೆ ರೊಟ್ಟಿ ಉಬ್ಬಿತು.
ಒಲೆಯ ಕೆಂಡ ಒಮ್ಮೆ ಮಿನುಗಿತು.
ಅವ್ವನ ಒದ್ದೆ ಕೈ ಹಿಂದೆ ಸರಿಯಿತು.
ತಂಗಿಯ ತಾಟು ಮುಂದೆ ಬಂದಿತು.

ಮೇಲಿನಿಂದ ಓದಿದರೆ ರೊಟ್ಟಿ ಸಿದ್ಧವಾಗಿದೆ, ತಾಟು ತುಂಬಲಿದೆ. ಕೆಳಗಿನಿಂದ ಓದಿದರೆ ತಾಟು ಮೊದಲೇ ಬಂದು ಕಾಯುತ್ತಿದೆ. ಹಸಿವು ಮುಂದೆ, ರೊಟ್ಟಿ ಹಿಂದೆ. ಶಬ್ದಗಳು ಅವೇ, ಮನೆಯ ಸ್ಥಿತಿ ಮಾತ್ರ ಬೇರೆ. ಬಟ್ಟೆಯ ಎರಡು ಬದಿ ಒಂದೇ ಆಗಿ ಉಳಿಯುತ್ತವೆ. ಮಾತಿನ ಎರಡು ಬದಿ ಹಾಗೆ ಉಳಿಯುವುದಿಲ್ಲ ಎಂಬುದು ಈ ಆಟದಿಂದ ಹೊರಬೀಳುವ ಸ್ವಾರಸ್ಯ.

ನವಲಗುಂದದ ಜಮಖಾನದ ಮಾತು ಇನ್ನೊಂದು ಬಗೆಯದು. ವಿಜಯಪುರದ ಆದಿಲಶಾಹಿಗಳ ಕಾಲದಲ್ಲಿ ಆ ಕಡೆಯಿಂದ ವಲಸೆ ಬಂದ ಕುಟುಂಬಗಳು ಈ ವಿದ್ಯೆಯನ್ನು ಇಲ್ಲಿಗೆ ತಂದರೆಂದು ಹೇಳಿಕೆ. ನೆಯ್ಯುವವರು ಹೆಂಗಸರು, ಮುಸಲ್ಮಾನ ಮನೆತನಗಳವರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹತ್ತಿಯ ಬಣ್ಣದ ನೂಲನ್ನು ಕೈಯಿಂದಲೇ ಹೊಕ್ಕಿಸಿ, ಪಂಜಾ ಎಂಬ ಹಲ್ಲುಗಳುಳ್ಳ ಕಬ್ಬಿಣದ ಸಾಧನದಿಂದ ಬಡಿದು ಬಿಗಿಮಾಡುತ್ತಾರೆ. ಕೆಂಪು, ಹಳದಿ, ಹಸಿರು, ನೀಲಿ ಒಂದಕ್ಕೊಂದು ಅಂಜದೆ ಪಕ್ಕಪಕ್ಕದಲ್ಲಿ ಕೂಡುತ್ತವೆ. ಚೌಕಾಬಾರ ಆಟದ ಮನೆಗಳು, ಊರಿನ ಹೆಸರಿಗೆ ತಕ್ಕ ನವಿಲು, ಮೂಲೆ ಮೂಲೆಯಾದ ಹೂಗಳು ಅದರ ಅಲಂಕಾರ. ನಮಾಜಿಗೆಂದು ನೆಯ್ದದ್ದು ಜಾನಮಾಜ್. ಅತಿಥಿಗಳು ಬಂದಾಗ ಹಾಸುವುದು ಜಮಖಾನ. ಈ ವಿದ್ಯೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಮಾನ್ಯತೆ ಬಂದಷ್ಟು ಸುಲಭವಾಗಿ ನೇಕಾರ್ತಿಯರ ಕೈಗೆ ತಕ್ಕ ಕೂಲಿ ಬರಲಿಲ್ಲ. ಹಿಂದೆ ಹಲವು ಮನೆಗಳಲ್ಲಿದ್ದ ಮಗ್ಗ ಇಂದು ಕೆಲವೇ ಮನೆಗಳಲ್ಲಿ ಉಳಿದಿದೆ.

ಜಮಖಾನದ ಮೇಲೆ ಕವಿತೆ ಬರೆಯುವವರು ಬಣ್ಣದಿಂದ ತೊಡಗಬೇಕು. ಅದರ ಕೆಂಪನ್ನು ಕಂಡೊಡನೆ ನೆನಪಾಗುವುದು ಅಂಗಳದಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ. ಇಲ್ಲಿಯೇ ಎಚ್ಚರ ಬೇಕು. ಬ್ಯಾಡಗಿ ಕಾಯಿಯ ಬಣ್ಣ ಗಾಢ, ಮೈಯೆಲ್ಲ ಸುಕ್ಕು, ನೋಡಿದರೆ ಬೆಂಕಿ. ಆದರೆ ಖಾರ ಸೌಮ್ಯ. ಬಣ್ಣದ ಸತ್ತ್ವವನ್ನು ತೆಗೆಯುವುದಕ್ಕಾಗಿಯೇ ಅದನ್ನು ಕೊಳ್ಳುವವರಿದ್ದಾರೆ. ‘ಜಮಖಾನದ ಕೆಂಪು ಮೆಣಸಿನಕಾಯಿಯಂತೆ ನಾಲಗೆ ಸುಟ್ಟಿತು’ ಎಂದು ಬರೆದರೆ ಕುಂದಗೋಳದ ರೈತ ನಕ್ಕಾನು. ಕಣ್ಣು ಹೇಳಿದ್ದನ್ನು ನಾಲಗೆ ಒಪ್ಪದಿರುವ ಈ ಜಗಳದಲ್ಲಿಯೇ ಒಂದು ಕವಿತೆಗೆ ಸಾಕಾಗುವಷ್ಟು ಸಾಮಗ್ರಿಯಿದೆ. ಇಂದ್ರಿಯಗಳು ಒಂದಕ್ಕೊಂದು ಸುಳ್ಳು ಹೇಳುತ್ತವೆ. ಬರೆಯುವವನು ಅದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನು ನೂಲು. ಬೇಸಗೆಯಲ್ಲಿ ಈ ಊರುಗಳ ಹೆಂಗಸರು ಕೂಡಿ ಶಾವಿಗೆ ಹೊಸೆಯುತ್ತಿದ್ದರು. ಗೋಧಿಯ ಕಣಕವನ್ನು ಓರೆಯಾಗಿಟ್ಟ ಶಾವಿಗೆಯ ಮಣೆಯ ಮೇಲೆ ಅಂಗೈಯಿಂದ ತಿಕ್ಕಿ ಎಳೆ ತೆಗೆದು, ಅಡ್ಡಕಟ್ಟಿದ ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಅದು ಮಗ್ಗಕ್ಕೆ ಸಿದ್ಧಪಡಿಸಿದ ಬಿಳಿಯ ಹಾಸಿನಂತೆ ಕಾಣುತ್ತಿತ್ತು. ಯಂತ್ರ ಬಂದ ಮೇಲೆ ಮಣೆಗಳು ಅಟ್ಟ ಸೇರಿದವು. ಆದರೂ ಅಲ್ಲಲ್ಲಿ ಈ ರೂಢಿ ಇನ್ನೂ ಇದೆ. ಅದೇ ಶಾವಿಗೆ ಒಂದು ಮನೆಯಲ್ಲಿ ಬೆಲ್ಲ, ಹಾಲು, ತುಪ್ಪಗಳೊಡನೆ ಹಬ್ಬದ ಊಟವಾದರೆ, ಪಕ್ಕದ ಓಣಿಯಲ್ಲಿ ರಮಜಾನಿನ ಹಬ್ಬದ ದಿನ ಖರ್ಜೂರದೊಡನೆ ಹಾಲಿನಲ್ಲಿ ಕುದಿದು ಸುರಕುಂಬಾ ಆಗುತ್ತದೆ. ಹಗಲೆಲ್ಲ ಹತ್ತಿಯ ಎಳೆಗಳನ್ನು ಪಂಜಾದಿಂದ ಬಡಿದ ಕೈ, ಹಬ್ಬದ ಬೆಳಿಗ್ಗೆ ಹಾಲಿನಲ್ಲಿ ತೇಲುವ ಎಳೆಗಳನ್ನು ಬಟ್ಟಲಿಗೆ ಬಡಿಸುತ್ತದೆ. ಗಟ್ಟಿಯಾದ ಎಳೆ, ಮೆತ್ತನೆಯ ಎಳೆ. ಪಂಜಾದ ಧಪ್ ಧಪ್ ಸದ್ದು, ಚಮಚೆಯ ಕಿಣಿಕಿಣಿ. ಇಂಥ ಜೋಡಿಗಳನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಇಟ್ಟರೆ, ಕವಿತೆ ತಾನಾಗಿಯೇ ಜಮಖಾನದ ಪಟ್ಟಿಗಳ ಆಕಾರವನ್ನು ಪಡೆಯುತ್ತದೆ.

ಒಂದು ಕಲೆಯ ಕೃತಿಯನ್ನು ನೋಡಿ ಇನ್ನೊಂದು ಕಲೆಯಲ್ಲಿ ಹಾಡುವುದು ಲೋಕದ ಎಲ್ಲ ಕಡೆಯಲ್ಲಿಯೂ ಉಂಟು. ಇಂಗ್ಲೆಂಡಿನ ಜಾನ್ ಕೀಟ್ಸ್ 1819ರಲ್ಲಿ ಗ್ರೀಕರ ಚಿತ್ರಿತ ಭಾಂಡವೊಂದನ್ನು ಕುರಿತು ಬರೆದ ಕವಿತೆ ಪ್ರಸಿದ್ಧವಾಗಿದೆ. ಚಿಲಿ ದೇಶದ ಪಾಬ್ಲೊ ನೆರೂಡ ಇನ್ನೂ ಹತ್ತಿರದವನು. ಅವನ 1954ರ ಸಂಕಲನದಲ್ಲಿ ಈರುಳ್ಳಿಯನ್ನು ಕುರಿತ ಕವಿತೆಯಿದೆ. 1956ರ ಸಂಕಲನದಲ್ಲಿ ಕೈಯಿಂದ ಹೆಣೆದ ಉಣ್ಣೆಯ ಕಾಲುಚೀಲವನ್ನು ಕುರಿತದ್ದಿದೆ. 1971ರಲ್ಲಿ ನೊಬೆಲ್ ಬಹುಮಾನ ಪಡೆದ ಆ ಕವಿಗೆ ಉಳ್ಳಾಗಡ್ಡಿಯೂ ಕಾಲುಚೀಲವೂ ಹಾಡಲು ತಕ್ಕ ವಸ್ತುಗಳಾಗಿ ಕಂಡವು.

ಆದರೆ ನೆರೂಡನಿಗೆ ಹೆಸರಿದೆ; ಮೆಂತೆಯ ಕಾಳನ್ನು ಹೊಲಿಗೆಯಲ್ಲಿ ಕಂಡವಳಿಗೆ ಹೆಸರಿಲ್ಲ. ಹಳ್ಳಿಯ ಹೆಂಗಸರು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತ ತ್ರಿಪದಿಗಳನ್ನು ಕಟ್ಟಿ ಹಾಡಿದರು. ಕಲ್ಲಿನ ಗರಗರ ಸದ್ದೇ ಅವರ ತಾಳ. ಒಬ್ಬಳ ಹಾಡನ್ನು ಇನ್ನೊಬ್ಬಳು ಕಲಿತು, ತನ್ನದೊಂದು ಮಾತನ್ನು ಸೇರಿಸಿ, ಮಗಳಿಗೆ ಒಪ್ಪಿಸಿದಳು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿ‌ಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡುದರಿಂದ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನ ಬೆಳಕಿಗೆ ಬಂದಿತು. ಅದರಲ್ಲಿ ಸೇರಿದ ಹಾಡುಗಳು ಉಳಿದವು. ಬರೆದುಕೊಳ್ಳುವವರು ಹೋಗದ ಊರುಗಳ ಹಾಡುಗಳು, ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ ದಿನ, ಹಾಡುವವರ ಬಾಯಲ್ಲಿಯೇ ನಿಂತುಹೋದವು. ಗಿರಣಿಯನ್ನು ಹಳಿಯುವುದು ಸರಿಯಲ್ಲ. ಕೋಳಿ ಕೂಗುವ ಮುನ್ನ ಎದ್ದು ಬೀಸುವ ಕಷ್ಟ ಎಷ್ಟೆಂಬುದು ಬೀಸಿದವರ ತೋಳುಗಳಿಗೆ ಗೊತ್ತು. ಕಷ್ಟ ಹೋದದ್ದು ಒಳ್ಳೆಯದಾಯಿತು. ಅದರೊಡನೆ ಹಾಡೂ ಹೋದದ್ದು, ಬರೆದಿಡುವವರು ಹತ್ತಿರವಿಲ್ಲದ ಕಾರಣದಿಂದ.

ಬಟ್ಟೆಯ ಮಾತುಗಳೂ ಇಂದು ಅದೇ ಸರದಿಯಲ್ಲಿವೆ. ಯಂತ್ರದಲ್ಲಿ ಅಚ್ಚು ಹಾಕಿದ ಸೀರೆಯ ಮೇಲೆಯೂ ತೆನೆಯ ಆಕೃತಿ ಮೂಡಬಹುದು. ಅದನ್ನು ‘ಡಿಸೈನ್’ ಎಂದು ಕರೆದರೆ ಸಾಕಾಗುತ್ತದೆ. ತೋಪತೆನಿ, ಮುರಗಿ, ಮೆಂತಿ, ಕೊಂಡಿ, ಪಂಜಾ ಎಂಬ ಮಾತುಗಳನ್ನು ಬಳಸಿ ಮಾತಾಡುವ ಅಜ್ಜಿಯರು ಇನ್ನೂ ಊರೂರಿನಲ್ಲಿದ್ದಾರೆ. ಕವಿತೆ ಬರೆಯಹೊರಟ ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಕಾಗದ ಲೇಖನಿಗಳಿಗಿಂತ ಮೊದಲು ಹುಡುಕಬೇಕಾದುದು ಅಂಥ ಒಬ್ಬ ಅಜ್ಜಿಯನ್ನು. ಸಂದೂಕದಲ್ಲಿ ಮಡಿಸಿಟ್ಟ ಸೀರೆಯನ್ನು ಬಿಡಿಸಿ ಈ ಗೆರೆಗೆ ಏನೆನ್ನುತ್ತಾರೆ ಎಂದು ಕೇಳಿದರೆ, ಅವಳು ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆ ಸೀರೆಯನ್ನು ಉಟ್ಟ ದಿನ ಮನೆಯಲ್ಲಿ ಮಾಡಿದ ಅಡಿಗೆ ಯಾವುದು, ಬಡಿಸಿದವರು ಯಾರು, ಯಾರಿಗೆ ಸಾಲದೆ ಹೋಯಿತು ಎಂಬುದನ್ನೂ ಹೇಳುತ್ತಾಳೆ. ಕವಿತೆಯ ಅರ್ಧ ಅಲ್ಲಿಯೇ ಸಿದ್ಧವಾಗುತ್ತದೆ.

ಎಲ್ಲ ಬಟ್ಟೆಗಳಿಗಿಂತ ಬಡವಾದ ಕೌದಿಯ ಮಾತು ಉಳಿಯಿತು. ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವುಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆ ಅದು. ಎರೆಯ ನಾಡಿನ ಪ್ರತಿಯೊಂದು ಹಳ್ಳಿಯಲ್ಲಿಯೂ ಅದನ್ನು ಕಾಣಬಹುದು. ಕಲಘಟಗಿಯ ಕಾಡಂಚಿನಲ್ಲಿಯೂ ನೆರೆಯ ಹಳಿಯಾಳ, ಯಲ್ಲಾಪುರ ತಾಲ್ಲೂಕುಗಳಲ್ಲಿಯೂ ವಾಸಿಸುವ, ಆಫ್ರಿಕದ ಮೂಲದ ಸಿದ್ದಿ ಜನರ ಹೆಂಗಸರು ಇದರಲ್ಲಿ ವಿಶೇಷ ನಿಪುಣರು. ಅವರು ಕೌದಿಯ ಮೂಲೆಗಳಿಗೆ ತ್ರಿಕೋನವಾಗಿ ಮಡಿಚಿದ ಬಣ್ಣದ ತುಂಡುಗಳನ್ನು ಹೂವೆಂದು ಇಟ್ಟು ಹೊಲಿಯುತ್ತಾರೆ; ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನ ಸುತ್ತ ಹೋಗಿ, ಸುತ್ತು ಸುತ್ತಾಗಿ ಒಳಗೆ ಬರುತ್ತ ನಡುವಿಗೆ ಸೇರುತ್ತದೆ.

ಕೌದಿಯಿಂದ ಕವಿತೆ ಕಟ್ಟುವವರು ಒಂದೊಂದು ತುಂಡಿಗೆ ಒಂದೊಂದು ಊಟವನ್ನು ನೆನೆಯಬಹುದು. ಈ ಹಸಿರು ತುಂಡು ಎಳ್ಳಮಾಸಿಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಉಟ್ಟ ಸೀರೆ. ಅದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಮತ್ತು ಎಣ್ಣೆಗಾಯಿಯ ವಾಸನೆ. ಈ ಕಂದಿದ ಬಿಳಿ ಅಜ್ಜನ ಧೋತರ. ಅದರ ಚುಂಗಿನಲ್ಲಿ ಮೊಮ್ಮಕ್ಕಳಿಗೆಂದು ಗಂಟು ಕಟ್ಟಿ ತಂದ ಫುಟಾಣಿ, ಬೆಲ್ಲ. ಈ ನೀಲಿ ತುಂಡಿನ ಕಾಲಕ್ಕೆ ಮಳೆ ಬರಲಿಲ್ಲ. ಮನೆಯಲ್ಲಿ ಅಂಬಲಿಯನ್ನು ನೀರು ಮಾಡಿ ಮಾಡಿ ಕುಡಿದರು. ಆ ಸಾಲಿನಲ್ಲಿ ರುಚಿಯ ಮಾತು ಬರುವುದಿಲ್ಲ, ಬರಬಾರದು. ಎರೆಯ ಹೊಲ ಮಳೆಯನ್ನೇ ನಂಬಿದ್ದು; 1876ರಿಂದ 1878ರವರೆಗಿನ ದೊಡ್ಡ ಬರದಂಥ ಕಾಲಗಳನ್ನು ಈ ನಾಡು ಕಂಡಿದೆ. ಅನ್ನದ ಕವಿತೆಯಲ್ಲಿ ಅನ್ನವಿಲ್ಲದ ದಿನಕ್ಕೂ ಒಂದು ತುಂಡು ಜಾಗ ಬೇಕು. ತುಂಡುಗಳನ್ನು ಆರಿಸಿ ಒಳ್ಳೆಯದನ್ನಷ್ಟೇ ಇಟ್ಟುಕೊಂಡರೆ ಕೌದಿಗೆ ಅಗಲ ಸಾಲದು.

ಹೊಲಿಗೆ ನಡುವಿಗೆ ಬಂದು ಅಂಗೈಯಗಲದ ಜಾಗ ಉಳಿದಾಗ ಕೆಲವು ಮನೆಗಳಲ್ಲಿ ಒಂದು ರೂಢಿಯುಂಟು. ಅದು ಕೌದಿಯ ಹೊಟ್ಟೆ. ಹೊದ್ದವರನ್ನು ಬೆಚ್ಚಗಿಡಬೇಕಾದ ಕೌದಿ ತಾನು ಹಸಿದಿರಬಾರದು. ಆದುದರಿಂದ ಹೊಲಿಯುವವಳು ಒಳಗೆ ಎದ್ದುಹೋಗಿ, ರೊಟ್ಟಿಯ ಒಂದು ತುಣುಕನ್ನೋ ನಾಲ್ಕು ಕಾಳನ್ನೋ ತಂದು ಆ ಜಾಗದಲ್ಲಿ ಇಟ್ಟು, ಮೇಲೆ ಬಟ್ಟೆಯನ್ನು ಎಳೆದು ಹೊಲಿದುಬಿಡುತ್ತಾಳೆ. ಆಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಹೊದ್ದು ಮಲಗಿದ ಮಗು ಕತ್ತಲೆಯಲ್ಲಿ ಅಂಗೈಯಿಂದ ಒತ್ತಿ ಸವರಿದರೆ ಮಾತ್ರ, ನಡುವೆ ಎಲ್ಲೋ ಒಂದಿಷ್ಟು ಉಬ್ಬು ಬೆರಳಿಗೆ ತಾಗುತ್ತದೆ.